‘ಬಾತ್‌ರೂಮಿನಲ್ಲಿ ಜಾರಿ ಬಿದ್ದೆ’ ಅನ್ನಬೇಡಿ

ಮನೆಯಲ್ಲಿ ಹೆಂಡತಿಯಿಂದಲೋ ಅವಳ ಕಡೆಯವರಿಂದಲೋ ಏಟು ತಿನ್ನುವ ಗಂಡಸರಿಗೆ ಪ್ರತ್ಯೇಕ ಕಾನೂನಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಬಹುದಾದದ್ದು ಮಹಿಳೆ ಮಾತ್ರ. ಗಂಡನೂ ಕೊಡಬಹುದು ಎಂದು 2017ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನ ಏಕಸದಸ್ಯ ಪೀಠ ಆದೇಶಿಸಿದ್ದು ನಿಜ. ಕೆಲವೇ ದಿನಗಳಲ್ಲಿ ಆ ಆದೇಶವನ್ನು ವಾಪಸ್ ಪಡೆದದ್ದೂ ನಿಜ. ಆದರೆ ಹೊಡೆತ, ಬೆದರಿಕೆಗಳಿಗೆ ಇರುವ ಸಾಮಾನ್ಯ ಕಾನೂನು ಗಂಡು ಹೆಣ್ಣೆಂದು ನೋಡುವುದಿಲ್ಲ. ಅದನ್ನು ಬಳಸುವ ದಾರಿ ಹೀಗಿದೆ.

ಮೊದಲು ಆಸ್ಪತ್ರೆ, ಆಮೇಲೆ ವಕೀಲರು. ಗಾಯವಾದ ದಿನವೇ ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಅಂದರೆ ನಮ್ಮ ದೊಡ್ಡಾಸ್ಪತ್ರೆಗೆ ಹೋಗಿ. ಯಾರು, ಯಾವುದರಿಂದ ಹೊಡೆದರು ಎಂಬುದನ್ನು ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಎಂಎಲ್‌ಸಿ (ವೈದ್ಯಕೀಯ–ಕಾನೂನು ಪ್ರಕರಣದ ದಾಖಲೆ) ಮಾಡಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಮಾನಕ್ಕೆ ಅಂಜಿ ‘ಜಾರಿ ಬಿದ್ದೆ’ ಎಂದರೆ ಅದೇ ಮಾತು ದಾಖಲೆಯಾಗುತ್ತದೆ. ನಾಳೆ ಕೋರ್ಟಿನಲ್ಲಿ ಎದುರು ವಕೀಲರು ತೆಗೆದು ಓದುವುದೂ ಅದನ್ನೇ. ಸಿಟ್ಟು ಬಂದರೂ ತಿರುಗಿ ಕೈ ಎತ್ತಬೇಡಿ. ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಮುಂದಿನದು ಠಾಣೆ. ದೂರನ್ನು ಬರೆದೇ ಕೊಡಿ, ಸ್ವೀಕೃತಿ ಪಡೆಯಿರಿ. ಕೆನ್ನೆಗೆ ಬಾರಿಸಿದ, ಪರಚಿದಂಥ ಸಾಮಾನ್ಯ ಗಾಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 115(2)ನೇ ಸೆಕ್ಷನ್ ಅನ್ವಯಿಸುತ್ತದೆ. ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಾಗಾಗಿ ‘ಎಫ್‌ಐಆರ್ ಆಗಲ್ಲ, ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಡ್ತೀವಿ’ ಎಂದರೆ ಎಲ್ಲ ಸಲವೂ ಅದು ಸಬೂಬಲ್ಲ. ಚಾಕು ಬೀಸಿ ಗಾಯಪಡಿಸಿದ್ದರೆ, ಕಾದ ಎಣ್ಣೆ ಎರಚಿ ಸುಟ್ಟಿದ್ದರೆ (118), ಮೂಳೆ ಅಥವಾ ಹಲ್ಲು ಮುರಿದಿದ್ದರೆ (117) ಎಫ್‌ಐಆರ್ ಆಗಲೇಬೇಕು. ಠಾಣೆಯವರು ಒಪ್ಪದಿದ್ದರೆ ನಗರ ಪೊಲೀಸ್ ಕಮಿಷನರ್ ಅವರಿಗೆ ಅಂಚೆಯಲ್ಲಿ ದೂರು ಕಳಿಸಿ. ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿದೆ.

ಮೆಸೇಜು, ಆಡಿಯೊ, ಫೋಟೊ ಇರುವ ಮೂಲ ಫೋನನ್ನು ಜೋಪಾನ ಮಾಡಿ. ಅವುಗಳ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ದಂಪತಿ ನಡುವಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಬಹುದೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೌಟುಂಬಿಕ ನ್ಯಾಯಾಲಯದಲ್ಲಿ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೇಳುವ ಹಕ್ಕು ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರಿಗೂ ಇದೆ. ಕಿರುಕುಳ ನಿಲ್ಲಿಸಲು ತಡೆಯಾಜ್ಞೆಯನ್ನೂ ಅಲ್ಲೇ ಕೇಳಬಹುದು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ ಇದಕ್ಕೆ ಅವಕಾಶವಿದ್ದರೂ ಗಂಡಸರ ಪರವಾಗಿ ಅದರತ್ತ ಗಮನ ಹರಿಯುವುದು ಕಡಿಮೆ. ವಕೀಲರ ಬಳಿ ನೀವೇ ಪ್ರಸ್ತಾಪಿಸಿ.

ಪ್ರತಿದೂರಿನ ಭಯವಿದ್ದರೆ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಬಹುದು. ಮಗನೋ ಸೊಸೆಯೋ ಹಿಂಸಿಸುತ್ತಿರುವ ವೃದ್ಧ ತಂದೆಯ ದಾರಿ ಬೇರೆ: ಅವರು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಲಿ. ಪುರುಷರಿಗೆ ಆದಾಯ ಮಿತಿಯಿದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದೂ ಇಲ್ಲ. ನಿದ್ದೆಗೆಟ್ಟು ಸಾವಿನ ಯೋಚನೆ ಬರುತ್ತಿದ್ದರೆ ಮೇಲಿನದೆಲ್ಲ ಪಕ್ಕಕ್ಕಿಟ್ಟು ಟೆಲಿ–ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.