ದವಡೆ ಹಲ್ಲಿಗೆ ಸೆರಾಮಿಕ್ ಬ್ರಿಡ್ಜ್: ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: ನನಗೆ 52 ವರ್ಷ. ಕೆಳಗಿನ ದವಡೆ ಹಲ್ಲೊಂದನ್ನು ಕೀಳಿಸಿದ್ದೇನೆ. ಸೆರಾಮಿಕ್ ಬ್ರಿಡ್ಜ್ ಹಾಕಿಸಿದರೆ ಖಡಕ್ ರೊಟ್ಟಿ ತಿನ್ನಬಹುದೇ? ಎಷ್ಟು ವರ್ಷ ಬಾಳಿಕೆ ಬರುತ್ತದೆ?
– ಓದುಗರು, ಸಿದ್ದಾಪುರ, ಕೊಪ್ಪಳ ಜಿಲ್ಲೆ

ಉತ್ತರ: ಧಾರಾಳವಾಗಿ ತಿನ್ನಬಹುದು. ಒಂದು ಹಲ್ಲಿನ ಜಾಗ ತುಂಬಲು ಅಕ್ಕಪಕ್ಕದ ಎರಡು ಹಲ್ಲುಗಳನ್ನು ಅರೆದು ಕೂರಿಸುವ ಬ್ರಿಡ್ಜ್ ಸಾಮಾನ್ಯವಾಗಿ 10ರಿಂದ 15 ವರ್ಷ ಬರುತ್ತದೆ. ಜೋಪಾನ ಮಾಡಿದವರಲ್ಲಿ 20 ವರ್ಷ ದಾಟಿದ್ದೂ ಉಂಟು. ಆದರೆ ಜೀವನಪರ್ಯಂತದ ಭರವಸೆಯನ್ನು ಯಾರು ಕೊಟ್ಟರೂ ನಂಬಬೇಡಿ.

ಜಗಿಯುವ ಒತ್ತಡ ಹೆಚ್ಚಾಗಿ ಬೀಳುವುದು ಹಿಂದಿನ ಹಲ್ಲುಗಳ ಮೇಲೆ. ಲೋಹದ ಮೇಲೆ ಪಿಂಗಾಣಿ ಕೂಡಿಸಿದ ಬ್ರಿಡ್ಜ್ ಗಟ್ಟಿ, ಖರ್ಚೂ ಕಡಿಮೆ. ಆದರೆ ಮೇಲಿನ ಪದರ ಚಕ್ಕೆ ಏಳಬಹುದು. ಪೂರ್ತಿ ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್‌ನಿಂದಲೇ ಮಾಡಿದ್ದಕ್ಕೆ ಆ ಭಯ ಕಡಿಮೆ. ಪಕ್ಕದ ಹಲ್ಲುಗಳು ಆರೋಗ್ಯವಾಗಿದ್ದರೆ ಅವನ್ನು ಅರೆಯುವ ಮೊದಲು ಇಂಪ್ಲಾಂಟ್ (ದವಡೆ ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಬಗ್ಗೆಯೂ ವಿಚಾರಿಸಿ.

ಬ್ರಿಡ್ಜ್ ತಾನಾಗಿ ಮುರಿಯುವುದು ಕಡಿಮೆ. ಅದನ್ನು ಹೊತ್ತ ಹಲ್ಲು ಅಂಚಿನಲ್ಲಿ ಹುಳುಕಾಗುವುದೇ ಹೆಚ್ಚು. ಆದ್ದರಿಂದ ರಾತ್ರಿ ಮಲಗುವ ಮುನ್ನ ಬ್ರಿಡ್ಜಿನ ಅಡಿಯನ್ನು ಸಂದಿ ಬ್ರಷ್‌ನಿಂದ ತಪ್ಪದೇ ಸ್ವಚ್ಛ ಮಾಡಿ. ಗುಟ್ಕಾ, ಗಟ್ಟಿ ಅಡಿಕೆ ಬಿಡಿ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚ (ನೈಟ್ ಗಾರ್ಡ್) ಬೇಕು. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಿ, ಇಲ್ಲವಾದರೆ ವಸಡು ಸಡಿಲಾಗುತ್ತದೆ.

ಕೊಪ್ಪಳ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ನಿಮ್ಮ ಹಲ್ಲಿನಲ್ಲೂ ಕಂದು ಕಲೆಗಳಾಗಿದ್ದರೆ ಬಣ್ಣ ಹೊಂದಿಸಲು ವೈದ್ಯರಿಗೆ ಮೊದಲೇ ಹೇಳಿ.

ಆರು ತಿಂಗಳಿಗೊಮ್ಮೆ ತೋರಿಸಿ. ಬ್ರಿಡ್ಜ್ ಅಲುಗಾಡಿದರೆ, ಕೆಟ್ಟ ವಾಸನೆ ಬಂದರೆ ನೋವಿಗಾಗಿ ಕಾಯದೆ ಆ ವಾರವೇ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ದಂತವೈದ್ಯರನ್ನು ಕಾಣಿ.