ನಾಲ್ಕು ಸುವಾರ್ತೆಗಳಲ್ಲಿ ಯೇಸು

ಇಂಜೀಲ್ ಎಂದರೆ ಕ್ರೈಸ್ತರ ಕೈಯಲ್ಲಿರುವ ಬೈಬಲ್ ತಾನೇ ಎಂದು ಕೇಳುವವರು ನಮ್ಮಲ್ಲಿ ಹಲವರಿದ್ದಾರೆ. ಪ್ರವಾದಿ ಈಸಾ(ಅ)ರಿಗೆ ಅಲ್ಲಾಹನು ಅವತೀರ್ಣಗೊಳಿಸಿದ ಗ್ರಂಥವೇ ಇಂಜೀಲ್ ಎಂಬುದು ನಮ್ಮ ವಿಶ್ವಾಸ. ಹೊಸ ಒಡಂಬಡಿಕೆಯ ಆರಂಭದಲ್ಲಿರುವುದಾದರೋ ಅವರ ಕುರಿತು ಇತರರು ಬರೆದ ನಾಲ್ಕು ಸುವಾರ್ತೆಗಳು. ಅವುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ನಾಲ್ಕು ಚಿತ್ರಗಳು ಕಾಣುತ್ತವೆ.

ಮಾರ್ಕನಲ್ಲಿ ಜನನದ ಕಥೆಯೇ ಇಲ್ಲ. ಮತ್ತಾಯನ ವಂಶಾವಳಿ ಇಬ್ರಾಹೀಮ(ಅ)ರಿಂದ ಆರಂಭವಾದರೆ ಲೂಕನದು ಆದಮ(ಅ)ರವರೆಗೆ ಹೋಗುತ್ತದೆ. ಯೋಹಾನನಂತೂ ಸೃಷ್ಟಿಗೂ ಮುಂಚಿನ 'ವಾಕ್ಯ'ದಿಂದಲೇ ಮಾತು ತೆಗೆಯುತ್ತಾನೆ.

ಈ ವ್ಯತ್ಯಾಸ ಎದ್ದು ಕಾಣುವುದು ಬಂಧನದ ರಾತ್ರಿಯಲ್ಲಿ. ಮಾರ್ಕನ ಯೇಸು ಗೆತ್ಸೆಮನೆಯಲ್ಲಿ ದಿಗಿಲುಗೊಳ್ಳುತ್ತಾರೆ. ಸಾಯುವಷ್ಟು ದುಃಖವಾಗಿದೆ ಎಂದು ಶಿಷ್ಯರಲ್ಲಿ ತೋಡಿಕೊಳ್ಳುತ್ತಾರೆ. ನೆಲಕ್ಕೆ ಬಿದ್ದು, ಈ ಗಳಿಗೆ ತಪ್ಪಲೆಂದು ಬೇಡಿ, ಕೊನೆಗೆ ದೇವನ ಇಚ್ಛೆಗೆ ಶರಣಾಗುತ್ತಾರೆ. ಅದನ್ನು ಓದುವಾಗ ನನಗೆ ಸುಜೂದ್‌ನಲ್ಲಿರುವ ದಾಸನೊಬ್ಬ ಕಣ್ಣೆದುರು ಬರುತ್ತಾನೆ. ಯೋಹಾನನ ತೋಟದಲ್ಲಿ ಆ ಪ್ರಾರ್ಥನೆಯೇ ಇಲ್ಲ. ಅಲ್ಲಿ ಯೇಸು ತಾವೇ ಮುಂದೆ ಬಂದು, ಯಾರನ್ನು ಹುಡುಕುತ್ತಿದ್ದೀರಿ ಎನ್ನುತ್ತಾರೆ. ಹಿಡಿಯಲು ಬಂದವರು ಹಿಂದೆ ಸರಿದು ಬೀಳುತ್ತಾರೆ. ಕೊನೆಯ ನುಡಿಯೂ ಒಂದೇ ಅಲ್ಲ. ಮಾರ್ಕ, ಮತ್ತಾಯರಲ್ಲಿ ದೇವನು ಕೈಬಿಟ್ಟನೇಕೆಂಬ ಮೊರೆ, ಲೂಕನಲ್ಲಿ ಆತ್ಮವನ್ನು ಒಪ್ಪಿಸುವ ಶಾಂತಿ, ಯೋಹಾನನಲ್ಲಿ ಕಾರ್ಯ ಮುಗಿಯಿತೆಂಬ ಘೋಷಣೆ.

ಇನ್ನೊಂದು ಪ್ರಸಂಗ ನೋಡಿ. ಶ್ರೀಮಂತನೊಬ್ಬ 'ಒಳ್ಳೆಯ ಗುರುವೇ' ಎಂದು ಕರೆದಾಗ, ದೇವನ ಹೊರತು ಒಳ್ಳೆಯವನಿಲ್ಲವೆಂದು ಯೇಸು ತಡೆದುದಾಗಿ ಮಾರ್ಕ, ಲೂಕ ಇಬ್ಬರೂ ಬರೆದಿದ್ದಾರೆ. ಮತ್ತಾಯನ ಪ್ರಾಚೀನ ಹಸ್ತಪ್ರತಿಗಳಲ್ಲಿ ಅದು, ಒಳ್ಳೆಯದರ ಬಗ್ಗೆ ನನ್ನನ್ನೇಕೆ ಕೇಳುತ್ತೀ ಎಂಬ ಅರ್ಥಕ್ಕೆ ತಿರುಗಿದೆ. ಮಾರ್ಕನ ಬರಹ ಮತ್ತಾಯನ ಮುಂದಿತ್ತೆಂದು ಬಹುತೇಕ ಬೈಬಲ್ ವಿದ್ವಾಂಸರು ಹೇಳುವುದರಿಂದ ಈ ತಿರುವು ಗಮನಾರ್ಹ.

ಪದವಿ ತರಗತಿಯಲ್ಲಿ ನಾವು ಪಂಪನ ಭಾರತವನ್ನೂ ಕುಮಾರವ್ಯಾಸನ ಭಾರತವನ್ನೂ ಓದಿದೆವು. ಕಥೆ ಒಂದೇ; ಅಲ್ಲಿ ಅರ್ಜುನ ನಾಯಕ, ಇಲ್ಲಿ ಕೃಷ್ಣ. ಬರೆಯುವವನ ಉದ್ದೇಶ ಚಿತ್ರವನ್ನು ರೂಪಿಸುತ್ತದೆ. ಮದ್ರಸದಲ್ಲಿ ಕಲಿತವನಿಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಸನದ್ ಎಲ್ಲಿ? ಕಣ್ಣಾರೆ ಕಂಡವರಿಂದ ಬಂದ ವೃತ್ತಾಂತವನ್ನು ಪರಿಶೀಲಿಸಿ ಬರೆಯುತ್ತಿರುವೆನೆಂದು ಲೂಕನು ಆರಂಭದಲ್ಲೇ ಹೇಳುತ್ತಾನೆ, ಆದರೆ ಅವರ ಹೆಸರು ಹೇಳುವುದಿಲ್ಲ.

ಆದರೂ ನಮಗೆ ಅನುಕೂಲವಾದ ತುಣುಕನ್ನಷ್ಟೇ ಹೆಕ್ಕಿ ವಾದಕ್ಕಿಳಿಯುವುದು ಪ್ರಾಮಾಣಿಕತೆಯಲ್ಲ. ನಮ್ಮ ಕೆಲವು ಭಾಷಣಕಾರರು ಹಾಗೆ ಮಾಡುವುದುಂಟು. ಮಾರ್ಕನಲ್ಲೂ ಆಕಾಶವಾಣಿಯು ಯೇಸುವನ್ನು ಮಗನೆಂದು ಕರೆಯುತ್ತದೆ. ಶಿಲುಬೆಯ ಮರಣದಲ್ಲಿ ನಾಲ್ಕು ಸುವಾರ್ತೆಗಳೂ ಒಂದೇ; ಅಲ್ಲಿ ಅನ್ನಿಸಾ ಅಧ್ಯಾಯದ 157ನೆಯ ಸೂಕ್ತ ನಾಲ್ಕರಿಂದಲೂ ಬೇರೆಯಾಗುತ್ತದೆ. ಗ್ರಂಥದವರೊಡನೆ ಉತ್ತಮ ರೀತಿಯಲ್ಲೇ ಸಂವಾದಿಸಬೇಕೆಂಬ ಆದೇಶ ಅಲ್ ಅನ್‌ಕಬೂತ್ ಅಧ್ಯಾಯದಲ್ಲಿದೆ (29:46). ಆದ್ದರಿಂದ ಗೆತ್ಸೆಮನೆಯ ಪ್ರಸಂಗದ ಬಗ್ಗೆ ನಿಮ್ಮ ಕ್ರೈಸ್ತ ಮಿತ್ರರನ್ನೇ ಕೇಳಿ. ಯೇಸು ಪೂರ್ಣ ದೇವರೂ ಪೂರ್ಣ ಮನುಷ್ಯರೂ ಎಂದು ಕ್ರಿ.ಶ. 451ರಲ್ಲಿ ಕಾಲ್ಸೆಡನ್ ಸಭೆ ನಿರ್ಣಯಿಸಿತು, ಆ ದಿಗಿಲು ಅವರ ಮನುಷ್ಯತ್ವದ್ದು ಎಂದು ಅವರು ಹೇಳಬಹುದು. ನಮ್ಮ ನಿಜವಾದ ಭಿನ್ನಾಭಿಪ್ರಾಯ ಆರಂಭವಾಗುವುದು ಆ ಉತ್ತರದಿಂದ.