ಹಳೆಯ ಚಿಮಣಿಯಲ್ಲಿ ಗ್ಯಾಸ್ ಫೈರ್ ಸರಿಸುವ ಮುನ್ನ

ಬ್ರಿಟನ್ನಿನಲ್ಲಿ ವಿಕ್ಟೋರಿಯಾ ಕಾಲದ ಸಾಲುಮನೆ ಕೊಂಡ ಕನ್ನಡ ಕುಟುಂಬಗಳಿಗೆ ನಡುಮನೆಯ ಅಗ್ಗಿಷ್ಟಿಕೆ ಹೊಸ ಸಂಗತಿ. ಹಿಂದೆ ಕಲ್ಲಿದ್ದಲು ಉರಿಯುತ್ತಿದ್ದ ಗೂಡಿನ ಮುಂದೆ ಈಗ ಗ್ಯಾಸ್ ಫೈರ್ ನಿಂತಿರುತ್ತದೆ. ಅದನ್ನು ತುಸು ಮೇಲಕ್ಕೆತ್ತೋಣ, ನಡುವಿಗೆ ತರೋಣ ಎನ್ನಿಸುವುದು ಸಹಜ. ಆದರೆ ನಾಲ್ಕು ಅಂಗುಲ ಸರಿಸಿದರೂ ಗ್ಯಾಸ್ ಪೈಪು, ಹೊಗೆಯ ದಾರಿ, ಮುಂದಿನ ಹಾಸುಕಲ್ಲು ಮೂರರ ಲೆಕ್ಕವೂ ಬದಲಾಗುತ್ತದೆ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವ ಎಂಜಿನಿಯರ್‌ನನ್ನು ಕರೆಸಿ. ಹಣ ಪಡೆದು ಈ ಕೆಲಸ ಮಾಡುವವರಿಗೆ ನೋಂದಣಿ ಕಡ್ಡಾಯ. ಗುರುತಿನ ಚೀಟಿಯ ಹಿಂಬದಿಯನ್ನೂ ನೋಡಿ: ಯಾವ ಯಾವ ಕೆಲಸಕ್ಕೆ ಅರ್ಹತೆಯಿದೆ ಎಂಬುದು ಅಲ್ಲಿರುತ್ತದೆ. ಬಾಯ್ಲರ್ ಬಲ್ಲವರಿಗೆಲ್ಲ ಗ್ಯಾಸ್ ಫೈರ್ ಮುಟ್ಟುವ ಅರ್ಹತೆ ಇರುವುದಿಲ್ಲ.

ಅವರು ಬರುವಷ್ಟರಲ್ಲಿ ನಿಮ್ಮ ಮಾಡೆಲ್‌ನ ಕೈಪಿಡಿ ಹುಡುಕಿಡಿ. ಗೂಡಿನ ಅಳತೆ ಎಷ್ಟಿರಬೇಕು, ಮೇಲಿನ ಮರದ ಹಲಗೆ ಎಷ್ಟು ದೂರವಿರಬೇಕು ಎಂಬುದಕ್ಕೆ ಅದೇ ಪ್ರಮಾಣ. ಹೊಸ ಜಾಗಕ್ಕೆ ಕೈಪಿಡಿ ಒಪ್ಪದಿದ್ದರೆ ಆ ಆಸೆ ಬಿಡುವುದೇ ಸರಿ. ಗೂಡು ಅಗಲಿಸಲು ಮೇಲಿನ ತೊಲೆಗಲ್ಲಿಗೆ ಕೈ ಹಾಕಲೇಬೇಡಿ. ಮೇಲಿನ ಗೋಡೆಯ ಭಾರವೆಲ್ಲ ಅದರ ಮೇಲಿದೆ.

ಮುಂದಿನ ಹೆಜ್ಜೆ ಚಿಮಣಿ ಗುಡಿಸುವುದು. ಕಲ್ಲಿದ್ದಲು, ಸೌದೆ ಉರಿಸಿದ ಚಿಮಣಿಯಲ್ಲಿ ಮಸಿ, ಗಾರೆಚೂರು, ಹಕ್ಕಿಗೂಡು ಏನು ಬೇಕಾದರೂ ಇರಬಹುದು. ಆಮೇಲೆ ಹೊಗೆಬಿಲ್ಲೆ ಹಚ್ಚಿ ಹೊಗೆ ನೇರವಾಗಿ ಮೇಲಿನ ಬಾಯಿಂದಲೇ ಹೊರಬೀಳುತ್ತಿದೆಯೇ, ಮಹಡಿಯ ಕೋಣೆಗೋ ಪಕ್ಕದ ಮನೆಗೋ ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ.

ಗೂಡಿನ ಬಾಯಿ ಮುಚ್ಚುವ ತಗಡಿನ ಫಲಕದ ಬಗ್ಗೆ ಹೆಚ್ಚಿನ ಗಮನ ಬೇಕು. ಫೈರ್‌ನ ಹಿಂಬದಿಯ ಹೊಗೆಮೂತಿ ಈ ಫಲಕದ ತೂತಿನಿಂದ ಚಿಮಣಿಯೊಳಕ್ಕೆ ಹೋಗುತ್ತದೆ. ಫೈರ್ ಸರಿದರೆ ತೂತೂ ಸರಿಯಬೇಕು. ಹಳೆಯ ಫಲಕಕ್ಕೆ ತೇಪೆ ಹಾಕುವುದಕ್ಕಿಂತ ಹೊಸದು ಹಾಕಿಸುವುದೇ ಮೇಲು. ನಾಲ್ಕೂ ಅಂಚಿಗೆ ಶಾಖ ತಡೆಯುವ ಟೇಪು ಬೇಕು. ಕೆಳಗಿನ ಗಾಳಿಕಿಂಡಿಯನ್ನು ಮಾತ್ರ ಮುಚ್ಚಬಾರದು. ಒಳಕೊಳವೆಯಿಲ್ಲದ ಇಟ್ಟಿಗೆ ಚಿಮಣಿಯಲ್ಲಿ ಹೊಗೆಮೂತಿಯ ಕೆಳಗೆ ಸಾಮಾನ್ಯವಾಗಿ 250 ಮಿ.ಮೀ. ಖಾಲಿ ಜಾಗ ಬಿಡುತ್ತಾರೆ. ಮೇಲಿಂದ ಉದುರುವ ಕಸ ಅಲ್ಲಿ ಬೀಳುತ್ತದೆ. ಫೈರನ್ನು ಕೆಳಗಿಳಿಸಿದರೆ ಈ ಜಾಗ ಕಿರಿದಾಗಿ, ಕಸವೇ ಹೊಗೆಯ ದಾರಿ ಕಟ್ಟಬಹುದು.

ಹಾಸುಕಲ್ಲು ಉರಿಯದ ವಸ್ತುವಿನದಾಗಿರಬೇಕು. ಗೂಡಿನೊಳಗೆ ಕೂರುವ ಬಹಳಷ್ಟು ಮಾದರಿಗಳಿಗೆ ಮುಂದೆ 300, ಅಕ್ಕಪಕ್ಕ 150 ಮಿ.ಮೀ. ಬೇಕು. ಇಟ್ಟಿಗೆಯೊಳಗೆ ಹಾಯುವ ಗ್ಯಾಸ್ ಪೈಪಿಗೆ ಹೊರಕವಚ ಬೇಕು, ಮಸಿ ತಾಮ್ರವನ್ನು ತಿನ್ನುತ್ತದೆ. ಹಳೆಯ ಪೈಪಿನ ಬಾಯಿಗೆ ಮುಚ್ಚಳ ಬಿಗಿದು, ಇಡೀ ಲೈನಿನ ಸೋರಿಕೆ ಪರೀಕ್ಷೆ ಮಾಡಿಸಿ.

ಕೊನೆಯ ಪರೀಕ್ಷೆಯ ಹೊತ್ತಿಗೆ ನೀವು ಅಲ್ಲಿಯೇ ಇರಿ. ಬಾಗಿಲು, ಕಿಟಕಿ ಮುಚ್ಚಿ ಫೈರ್ ಹಚ್ಚಿ, ಕೆಲವು ನಿಮಿಷದ ಬಳಿಕ ಹೊಗೆಕಡ್ಡಿ ಹಿಡಿಯುತ್ತಾರೆ. ಆ ಹೊಗೆಯನ್ನು ಚಿಮಣಿ ಒಳಕ್ಕೆ ಎಳೆದುಕೊಳ್ಳಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಜೋರಾಗಿ ಓಡಿಸಿ ಇದನ್ನು ಮತ್ತೆ ಮಾಡಲು ಹೇಳಿ. ದಿನಾ ಒಗ್ಗರಣೆಗೆ ಫ್ಯಾನ್ ಹಾಕುವ ನಮ್ಮ ಮನೆಗಳಲ್ಲಿ ಅದು ಚಿಮಣಿಯ ಹೊಗೆಯನ್ನು ಕೋಣೆಗೇ ಹಿಂದಕ್ಕೆಳೆಯುವ ಅಪಾಯ ನಿಜವಾದದ್ದು. ಆ ಹೊಗೆಯಲ್ಲಿರಬಹುದಾದ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಫೈರ್‌ನಿಂದ 1ರಿಂದ 3 ಮೀಟರ್ ದೂರದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ಮನೆಮಂದಿಗೆಲ್ಲ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದೊಡನೆ ಕಡಿಮೆಯಾದರೆ ಫೈರ್ ಆರಿಸಿ, ಕಿಟಕಿ ತೆರೆದು ಹೊರಬನ್ನಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಮೀಟರ್ ಬಳಿಯ ವಾಲ್ವ್ ಮುಚ್ಚಿ, ಹೊರಗೆ ನಿಂತು ಕರೆ ಮಾಡಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ತುರ್ತು ಸಂಖ್ಯೆ 0800 111 999.

ಬಾಡಿಗೆ ಮನೆಯಾದರೆ ಇದಾವುದನ್ನೂ ನೀವಾಗಿ ಮಾಡಿಸಬೇಡಿ. ಮಾಲೀಕರು ತಮ್ಮ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, 28 ದಿನಗಳೊಳಗೆ ವರದಿಯ ಪ್ರತಿಯನ್ನು ನಿಮಗೆ ಕೊಡಬೇಕೆಂಬುದು ಕಾನೂನು. ಕೇಳಿ ಪಡೆಯಿರಿ.